ಮುನ್ನೆಲೆಗೊಂದು ಗುಂಡುಕಲ್ಲು

ಧಾರವಾಡದಲ್ಲಿ ಯಾರೂ ಯಾರನ್ನೂ ಮುಖದ ಮೇಲೆ ಬೈಯುವುದಿಲ್ಲ. ಅಡುಗೆ ಕೆಟ್ಟಿದ್ದರೆ "ಇರ್ಲಿ ಬಿಡ್ರಿ" ಎನ್ನುತ್ತೇವೆ. ಹಾಡು ಕೆಟ್ಟಿದ್ದರೆ "ಧೈರ್ಯ ಮಾಡಿ ಹಾಡಿದ್ರಿ" ಎನ್ನುತ್ತೇವೆ. ಇಂಥ ಊರಿನಲ್ಲಿ, ಒಬ್ಬರ ಫೋಟೋದಲ್ಲಿ ಇನ್ನೊಬ್ಬರು ತಪ್ಪು ತೆಗೆಯಲೇಬೇಕು ಎಂಬ ನಿಯಮದ ಮೇಲೆ ಒಂದು ಬಳಗ ನಡೆಯುತ್ತಿದೆ ಎಂದರೆ ಅದರಲ್ಲಿ ಹುಬ್ಬಳ್ಳಿಯವರ ಕೈವಾಡ ಇರಲೇಬೇಕು. ಇದೆ.

'ನಸುಕಿನ ಬಳಗ' ಎಂಬ ನಮ್ಮ ವಾಟ್ಸಾಪ್ ಗುಂಪನ್ನು ಕಟ್ಟಿದವರು ಹುಬ್ಬಳ್ಳಿ ದೇಶಪಾಂಡೆ ನಗರದ ಶಶಿಕಾಂತ ಸರ. ಕೆರೆ, ಗುಡ್ಡ, ಮೋಡ, ಮಂಜು ಕಂಡಲ್ಲೆಲ್ಲ ಕ್ಯಾಮೆರಾ ಊರುವ ಹುಚ್ಚರೆಲ್ಲ ಇದರಲ್ಲಿದ್ದೇವೆ. ಯಾರಾದರೂ ಫೋಟೋ ಹಾಕಿದರೆ 'ಸೂಪರ್' ಎನ್ನುವಂತಿಲ್ಲ, ಕೈಮುಗಿದ ಚಿತ್ರ ಒತ್ತುವಂತಿಲ್ಲ. ಒಂದಾದರೂ ತಪ್ಪು ಹೇಳಬೇಕು. ಕೊನೆಗೆ ಶಶಿಕಾಂತ ಸರ ತಮ್ಮ ಧ್ವನಿಮುದ್ರಿತ ತೀರ್ಪು ಕಳಿಸುತ್ತಾರೆ. ಹುಬ್ಬಳ್ಳಿಯವರು ಧಾರವಾಡದವರನ್ನು ಬೈಯಲು ಬಹಳ ವರ್ಷಗಳಿಂದ ಒಂದು ಸಭ್ಯ ದಾರಿ ಹುಡುಕುತ್ತಿದ್ದರು, ಅದು ಈ ರೂಪದಲ್ಲಿ ಸಿಕ್ಕಿತು ಎಂಬುದು ನನ್ನ ಅಭಿಪ್ರಾಯ.

ಈ ಬಳಗಕ್ಕೆ ನಮ್ಮ ಓಣಿಯ ಬಸವಪ್ರಭುವನ್ನು ಸೇರಿಸಿದವನು ನಾನೇ. ಅವನದು ಪೇಟೆಯಲ್ಲಿ ಒಂದು ಮ್ಯಾಚಿಂಗ್ ಸೆಂಟರ್. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು, ನೂರಾರು ಥಾನುಗಳ ನಡುವಿನಿಂದ ಅದೇ ಬಣ್ಣದ ಜಂಪರ್ ಬಟ್ಟೆಯನ್ನು ಎಳೆದು ಕೊಡುವ ಕೈ ಅವನದು. ಅದರಿಂದ ಅವನಿಗೊಂದು ಭ್ರಮೆ ಹುಟ್ಟಿತ್ತು: ಬಣ್ಣ ಗೊತ್ತಿದ್ದವನಿಗೆ ಫೋಟೋ ತಾನಾಗಿಯೇ ಬರುತ್ತದೆ. ಸೂರ್ಯೋದಯ ನೋಡಿದರೆ ಅವನು "ಎಂಥಾ ಛಂದ" ಎನ್ನುವುದಿಲ್ಲ, "ಕೆಳಗ ರಾಣಿ ಕಲರ್, ಮ್ಯಾಲೆ ಈರುಳ್ಳಿ ಸಿಪ್ಪಿ ಕಲರ್" ಎನ್ನುತ್ತಾನೆ.

ಬಳಗದ ವಾರ್ಷಿಕ ಪ್ರದರ್ಶನ ಹತ್ತಿರ ಬಂದಿತ್ತು. ರವಿವಾರ ಸಂಜೆಯೊಳಗೆ ಶಶಿಕಾಂತ ಸರ 'ತೂಗುಹಾಕ್ರಿ' ಎಂದ ಫೋಟೋ ಮಾತ್ರ ಗೋಡೆಗೇರುತ್ತದೆ. ಬಸವಪ್ರಭು ತನ್ನ ಫೋಟೋ ಗೋಡೆಗೇರುತ್ತದೆಂದು ಗಿರಾಕಿಗಳಿಗೆ, ಬೀಗರಿಗೆ, ಕಡೆಗೆ ಹಾಲಿನವನಿಗೂ ಮೊದಲೇ ಹೇಳಿಬಿಟ್ಟಿದ್ದ. ಇನ್ನು ತೆಗೆಯುವುದೊಂದೇ ಬಾಕಿ ಇತ್ತು.

ಸೋಮವಾರ ನಸುಕಿನಲ್ಲಿ ಕೆಲಗೇರಿ ಕೆರೆಗೆ ಹೋಗಿ ತೆಗೆದು ಹಾಕಿದ. ಕೆಳಗೆ ನೀರು, ಮೇಲೆ ಆಕಾಶ, ನೀರಿನಲ್ಲಿ ಮತ್ತೆ ಅದೇ ಆಕಾಶ. ಶಶಿಕಾಂತ ಸರ ತೀರ್ಪು ಕೊಟ್ಟರು:

"ಪ್ರಭು ಅವರ, ನೀರೈತಿ, ಮುಗಿಲೈತಿ. ಮುನ್ನೆಲೆಯಾಗ ಏನೈತ್ರಿ? ನೋಡಾವನ ಕಣ್ಣು ಬಂದು ಎಲ್ಲೆ ಕುಂಡ್ರಬೇಕು? ನಿಮ್ಮ ಅಂಗಡಿಗೆ ಬಂದ ಗಿರಾಕಿಗೆ ಸ್ಟೂಲ್ ಹಾಕೂದಿಲ್ಲೇನು? ಹಂಗ ಕಣ್ಣಿಗೂ ಒಂದು ಸ್ಟೂಲ್ ಹಾಕ್ರಿ!"

ಬಸವಪ್ರಭು ಮೊದಲು ಅಂಗಡಿಯ ಸ್ಟೂಲನ್ನೇ ಒಯ್ಯುವ ವಿಚಾರ ಮಾಡಿದ್ದ. ನಾನು ತಡೆದೆ. "ಕಲ್ಲು ಗಿಲ್ಲು ಇಟ್ಟು ತಗೀತಾರೋ. ದಂಡಿಮ್ಯಾಲೆ ಒಂದು ಛಲೋ ಕಲ್ಲು ನೋಡು" ಎಂದೆ. ಇದನ್ನು ನಾನು ಹೇಳಿದ್ದು ಹೌದು. ಆದರೆ ಯಾರ ಮನೆಯ ಕಲ್ಲು ಎಂದು ನಾನು ಹೇಳಿರಲಿಲ್ಲ.

ಕೆರೆಯ ಕಲ್ಲುಗಳು ಅವನಿಗೆ ಹಿಡಿಸಲಿಲ್ಲ. ಒಂದು ಚೂಪು, ಒಂದು ಚಪ್ಪಟೆ, ಒಂದರ ಮೇಲೆ ಯಾರೋ ಯಾರನ್ನೋ ಪ್ರೀತಿಸುವುದಾಗಿ ಬರೆದಿದ್ದರು. ಮನೆಗೆ ಬಂದು ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತವನಿಗೆ ಖಾರ ರುಬ್ಬುವ ಒಳಕಲ್ಲಿನೊಳಗೆ ಕೂತ ಗುಂಡುಕಲ್ಲು ಕಂಡಿತು. ಕರ್ರಗೆ, ನುಣ್ಣಗೆ, ಕೆಳಗೆ ದುಂಡಗೆ, ಮೇಲೆ ತುಸು ಸಪೂರ. ಅದು ಅವನ ಹೆಂಡತಿ ಸೌಮ್ಯಾ ತವರಿನಿಂದ ತಂದದ್ದು. ಹೆಂಡತಿಯ ಹೆಸರು ಸೌಮ್ಯಾ ಎಂದು ಓದಿ ಯಾರೂ ಮೋಸ ಹೋಗಬಾರದು. ಹೆಸರಿಟ್ಟವರು ಕೂಸನ್ನು ನೋಡಿ ಇಟ್ಟಿದ್ದರು, ಮುಂದಿನದು ಅವರಿಗೆ ಹೇಗೆ ಗೊತ್ತಾಗಬೇಕು?

ಮಂಗಳವಾರ ನಸುಕಿಗೆ, ಸೌಮ್ಯಾ ಏಳುವ ಮೊದಲೇ, ಗುಂಡುಕಲ್ಲು ಗೋಣಿಚೀಲದಲ್ಲಿ ಕೂತು ಸ್ಕೂಟರಿನ ಮೇಲೆ ಕೆಲಗೇರಿಗೆ ಹೋಯಿತು. ದಂಡೆಯ ಇಳಿಜಾರಿನಲ್ಲಿ ಅದನ್ನು ಹೊತ್ತು ಇಳಿಸುವಷ್ಟರಲ್ಲಿ ಬಸವಪ್ರಭುವಿನ ಸೊಂಟ ಹಿಡಿದಿತ್ತು. ಫೋಟೋ ಮುಗಿದ ಮೇಲೆ ಮತ್ತೆ ಹೊತ್ತು ಏರಿಸುವ ಶಕ್ತಿ ಇರಲಿಲ್ಲ. 'ಹೆಂಗೂ ನಾಳೆ ಮತ್ತ ಬರಾವ' ಎಂದುಕೊಂಡು ಅಲ್ಲೇ ಜಾಲಿಗಿಡದ ಪಕ್ಕ ಬಿಟ್ಟು ಬಂದ. ಬರುವ ಮೊದಲು ಬಣ್ಣ ಸಾಲದೆನಿಸಿ, ಹಿತ್ತಲಿನಿಂದ ಕಿತ್ತು ತಂದಿದ್ದ ಒಂದು ಚೆಂಡುಹೂವನ್ನು ಅದರ ತಲೆಯ ಮೇಲೆ ಇಟ್ಟು ಒಂದು ಫೋಟೋ ತೆಗೆದಿದ್ದ. ಹೂವು ಅಲ್ಲೇ ಉಳಿಯಿತು.

ಕೆಲಗೇರಿ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ಓಡುವವರು ಯಾರೆಂದು ಧಾರವಾಡದವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ನಮ್ಮ ಊರಿನಲ್ಲಿ ಓಣಿಗೊಂದು ಕೋಚಿಂಗ್ ಸೆಂಟರ್ ಇದೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಹುಡುಗರು, ಹುಡುಗಿಯರು ಇಲ್ಲಿ ಖೋಲಿ ಹಿಡಿದು ಹಗಲೆಲ್ಲ ಸರ್ಕಾರಿ ನೌಕರಿಗೆ ಓದುತ್ತಾರೆ, ಬೆಳಿಗ್ಗೆ ದೈಹಿಕ ಪರೀಕ್ಷೆಗೆಂದು ಓಡುತ್ತಾರೆ. ಇವರ ಎದೆಯಲ್ಲಿ ಇರುವಷ್ಟು ಭಯಭಕ್ತಿ ಯಾವ ಮಠದಲ್ಲೂ ಇಲ್ಲ. ಆಂಜನೇಯನಿಗೊಂದು ನಮಸ್ಕಾರ, ದರ್ಗಾಕ್ಕೊಂದು ಸಕ್ಕರೆ, ಚರ್ಚಿಗೊಂದು ಮೇಣದಬತ್ತಿ. ಯಾರ ಕೈಯಲ್ಲಿ ಮೆರಿಟ್ ಲಿಸ್ಟ್ ಇದೆಯೋ ಯಾರಿಗೆ ಗೊತ್ತು!

ಅವರ ಪೈಕಿ ಪ್ರತಾಪ ಎಂಬುವನು ಓಡುತ್ತ ಬಂದು ಕಲ್ಲಿನ ಮುಂದೆ ನಿಂತ. ಕರಿಯ ದುಂಡುಕಲ್ಲು, ಮೇಲೊಂದು ಹಳದಿ ಹೂವು, ಹಿಂದೆ ಉದಯಿಸುವ ಸೂರ್ಯ. ಬಸವಪ್ರಭು ನೋಡುವವನ ಕಣ್ಣು ಕೂರಲೆಂದು ಇಟ್ಟ ಸ್ಟೂಲಿನ ಮೇಲೆ ನಿಜವಾಗಿಯೂ ಒಂದು ಕಣ್ಣು ಬಂದು ಕೂತಿತ್ತು. ಪ್ರತಾಪ ಬೂಟು ಬಿಚ್ಚಿ ಕೈಮುಗಿದ.

ಅತ್ತ ಬಳಗದಲ್ಲಿ ಮಂಗಳವಾರದ ತೀರ್ಪು ಬಂತು. "ಕಲ್ಲು ಛಲೋ ಐತಿ. ಆದ್ರ ನಟ್ಟನಡುವ ಯಾಕ ಕುಂಡ್ರಿಸಿದ್ರಿ? ಮೂರರ ನಿಯಮ ಅಂತ ಒಂದೈತಿ, ಚೌಕಟ್ಟನ್ನ ಮೂರು ಪಾಲು ಮಾಡಿ ಎಡಗಡೆ ಗೆರಿ ಮ್ಯಾಲೆ ಕುಂಡ್ರಸ್ರಿ. ಮತ್ತ ಕಲ್ಲು ಒಣಾ ಒಣಾ ಕಾಣತೈತಿ. ನೀರು ಹೊಡದು ತಗೀರಿ, ಹೊಳಪು ಬರ್ತೈತಿ."

ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದರೆ ಕಲ್ಲು ತಾನೇ ಎಡಕ್ಕೆ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಬಸವಪ್ರಭುವಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಎಡಕ್ಕಿಡು ಎಂದರೆ ಎಡಕ್ಕೆ ಇಟ್ಟು ರೂಢಿ. ಬುಧವಾರ ನಸುಕಿನಲ್ಲಿ ಹೋಗಿ, ಹಿಡಿದ ಸೊಂಟವನ್ನೇ ಹಿಡಿದುಕೊಂಡು, ಗುಂಡುಕಲ್ಲನ್ನು ಎಡಕ್ಕೆ ಉರುಳಿಸಿ ನಿಲ್ಲಿಸಿದ. ಬಾಟಲಿಯ ನೀರು ಸುರಿದ. ತೆಗೆದ, ಹೊರಟ.

ಆತ ಹೋದ ಮೇಲೆ ಪ್ರತಾಪ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ.

"ಲೇ... ನಿನ್ನೆ ಈ ಗಿಡದ ಬುಡಕ್ಕ ಇದ್ದಾ!" ಎಂದ ಪ್ರತಾಪ.

"ಈಗ ಅಲ್ಲೆ ಅದಾನಲ್ಲೋ!"

"ಸರದಾನ! ದೇವ್ರು ತಾನ ಸರದಾನ! ಮತ್ತ ನೋಡಲ್ಲೆ, ಮೈಯೆಲ್ಲಾ ಬೆವತಾನ!"

"ಅಷ್ಟು ದೂರ ಸರಿಯಾಕ ಬೆವರು ಬರೂದಿಲ್ಲೇನೋ ಮತ್ತ!"

ಅಷ್ಟರಲ್ಲಿ ಗೆಳೆಯನೊಬ್ಬನ ಫೋನ್ ರಿಂಗಣಿಸಿತು. ಅವನ ಖೋಲಿಯವನ ಹೆಸರು ಯಾವುದೋ ನೇಮಕಾತಿಯ ತಾತ್ಕಾಲಿಕ ಪಟ್ಟಿಯಲ್ಲಿ ಬಂದಿತ್ತು. ಆ ಖೋಲಿಯವನು ಕೆರೆಯ ಕಡೆಗೆ ತಲೆಯನ್ನೂ ಹಾಕಿದವನಲ್ಲ, ಆದರೆ ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ಹತ್ತು ಗಂಟೆಗೆ ಕೋಚಿಂಗ್ ಸೆಂಟರಿನ ತರಗತಿ ಶುರುವಾಗುವ ಹೊತ್ತಿಗೆ ಆ ಕಲ್ಲಿಗೊಂದು ಹೆಸರೂ ಬಿದ್ದಿತ್ತು. ಪಾಸಪ್ಪ.

ಗುರುವಾರ ಬಸವಪ್ರಭು ಹೋದಾಗ ಕಲ್ಲಿನ ಮೇಲೆ ಭಂಡಾರದ ಅರಿಶಿನ, ಕುಂಕುಮ, ವಿಭೂತಿ, ಮುಂದೆ ತೆಂಗಿನಕಾಯಿ ಹೋಳು, ಊದಿನಕಡ್ಡಿಯ ಹೊಗೆ. ಯಾರೋ ಒಂದು ಹಾಲ್ ಟಿಕೆಟ್ಟಿನ ಝೆರಾಕ್ಸನ್ನೂ ಮಡಚಿ ಇಟ್ಟಿದ್ದರು. ಬೇರೆಯವರಾಗಿದ್ದರೆ ಅಲ್ಲೇ ಹೆದರಿ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಓಡುತ್ತಿದ್ದರು. ಬಸವಪ್ರಭು ಕುಣಿದಾಡಿಬಿಟ್ಟ. "ಕಾಕಾ, ಏನ್ ಮ್ಯಾಚಿಂಗ್ ಅಂತೀರಿ! ಮುಗಿಲಿಗೆ ರಾಣಿ ಕಲರ್, ಕಲ್ಲಿಗೆ ಕುಂಕುಮ! ನಾ ಏನೂ ಮಾಡಿಲ್ಲ, ತಾನ ಬಂದು ಕುಂತೈತಿ!" ಎಂದು ನನಗೆ ಅಲ್ಲಿಂದಲೇ ಫೋನ್ ಮಾಡಿದ.

ಹೊಗೆಯ ಎಳೆಗೆ ಬೆಳಕು ಬಿದ್ದ ಆ ಫೋಟೋ ನಿಜಕ್ಕೂ ಚೆನ್ನಾಗಿತ್ತು. ಹಾಗೆ ಹೇಳುವಂತಿಲ್ಲವಾದ್ದರಿಂದ ನಾವೆಲ್ಲ ಕಷ್ಟಪಟ್ಟು ತಪ್ಪು ಹುಡುಕಿದೆವು. ಶಶಿಕಾಂತ ಸರ ಮಾತ್ರ ಸುಲಭವಾಗಿ ಹುಡುಕಿದರು. "ಕ್ಯಾಮೆರಾ ಭಾಳ ಎತ್ತರದಾಗೈತಿ. ನೆಲಕ್ಕ ಇಳೀರಿ. ಮಲಗ್ರಿ. ಕಲ್ಲಿನ ಕಾಲಿಂದ ಜಗತ್ತು ನೋಡ್ರಿ."

ಇವನು ಶುಕ್ರವಾರ ಹೋಗಿ ಮಲಗಿದ. ಕಲ್ಲಿನ ಮುಂದೆ, ಹೊಟ್ಟೆಯ ಮೇಲೆ, ಎರಡೂ ಕೈ ಮುಂದೆ ಚಾಚಿ, ಗದ್ದ ಮಣ್ಣಿಗೆ ಹಚ್ಚಿ, ಉಸಿರು ಬಿಗಿಹಿಡಿದು. ಬೆಳಕು ಬರುವವರೆಗೂ ಅಲುಗಾಡಲಿಲ್ಲ. ಅಂದು ಬೇಗ ಬಂದಿದ್ದ ಪ್ರತಾಪ ಮತ್ತು ಅವನ ಹಿಂಡು ಇದನ್ನು ಹಿಂದಿನಿಂದ ನೋಡಿತು. ಕೈಯೊಳಗಿನ ಕ್ಯಾಮೆರಾ ಅವರಿಗೆ ಕಾಣಲಿಲ್ಲ. ಕಂಡದ್ದು ಒಂದು ದೀರ್ಘದಂಡ ನಮಸ್ಕಾರ.

ಬಸವಪ್ರಭು ಎದ್ದು ಮೈಯ ಧೂಳು ಝಾಡಿಸಿ ತಿರುಗಿದರೆ ಎದುರಿಗೆ ಸಾಲಾಗಿ ಹುಡುಗರು ಕೈಮುಗಿದು ನಿಂತಿದ್ದರು.

"ಸರ, ದಿನಾ ನಿಮ್ಮ ಸ್ಕೂಟರ್ ಗುರುತು ನೋಡತಿದ್ವಿ. ಎಲ್ಲಾರಕಿಂತ ಮೊದ್ಲ ಬರಾವ್ರು ನೀವೇ ಅಲ್ರಿ?" ಎಂದ ಪ್ರತಾಪ.

"ಹೌದಪಾ. ಬೆಳಕು ಬರೂಕಿಂತ ಮೊದ್ಲ ಬರಬೇಕಾಗತೈತಿ. ಆಮ್ಯಾಲೆ ಬಂದ್ರ ಏನೂ ಸಿಗೂದಿಲ್ಲ" ಎಂದ ಬಸವಪ್ರಭು, ಫೋಟೋಗ್ರಫಿಯ ಬಗ್ಗೆ.

ಹುಡುಗರು ಪರಸ್ಪರ ಮುಖ ನೋಡಿಕೊಂಡರು. "ಎಷ್ಟು ವರ್ಷದಿಂದ್ರಿ ಸರ ಈ ಸಾಧನಾ?"

"ಮೊನ್ನೆ ಮೊನ್ನೆ ಹಚಗೊಂಡೇನಿ. ಹುಬ್ಬಳ್ಳಿ ಗುರುಗಳು ಹೇಳಿಕೊಡಾಕತ್ತಾರ. ದಿನಾ ಒಂದು ತಪ್ಪು ಹೇಳ್ತಾರ, ದಿನಾ ತಿದ್ದಿಕೊಂತೇನಿ."

ಇಷ್ಟು ವಿನಯವನ್ನು ಅವರು ಯಾವ ಕೋಚಿಂಗ್ ಸೆಂಟರಿನಲ್ಲೂ ಕಂಡಿರಲಿಲ್ಲ. ಆ ಗಳಿಗೆಯಿಂದ ಬಸವಪ್ರಭು ಸ್ವಾಮಿಗಳ ಸಾಲಿಗೆ ಸೇರಿ 'ಅಜ್ಜಾರು' ಆದ. ವಯಸ್ಸಿನ್ನೂ ಐವತ್ತು ದಾಟಿರಲಿಲ್ಲ, ಕೂದಲಿಗೆ ಮೊನ್ನೆಯಷ್ಟೇ ಬಣ್ಣ ಹಚ್ಚಿದ್ದ. ಆದರೂ ಒಂದಿಷ್ಟು ಹುಡುಗರು ಕಾಲಿಗೆ ಬಿದ್ದಾಗ ಇವನು ಬೇಡ ಅನ್ನಲಿಲ್ಲ. ಕಾಲಿಗೆ ಬಿದ್ದವರನ್ನು ಎಬ್ಬಿಸುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ ಎಂದು ನನ್ನೆದುರು ಹೇಳಿದ. ನಾನು ನಂಬಲಿಲ್ಲ.

ಈ ಉತ್ಸಾಹದಲ್ಲಿ ಮನೆಗೆ ಬಂದರೆ ಓಣಿಯಲ್ಲಿ ಯುದ್ಧ ನಡೆದಿತ್ತು.

ಹಸಿ ಕೆಂಪು ಮೆಣಸಿನಕಾಯಿ ಪೇಟೆಗೆ ಬರುವ ದಿನಗಳಿವು. ರಂಜಕ ಹಾಕುವ ಕಾಲ. ರವಿವಾರ ಸೌಮ್ಯಾಳ ತಾಯಿ ಶರಣವ್ವ ಅಣ್ಣಿಗೇರಿಯಿಂದ ಮೆಣಸಿನಕಾಯಿ ಚೀಲದ ಸಮೇತ ಬರುವವರಿದ್ದರು. ವರ್ಷಕ್ಕೊಮ್ಮೆ ತಾಯಿ ಮಗಳು ಕೂಡಿ ಒಳಕಲ್ಲಿನಲ್ಲಿ ರುಬ್ಬುವ ಆ ಖಾರವೇ ನಮ್ಮ ಓಣಿಯ ಅರ್ಧ ಮನೆಗಳಿಗೆ ವರ್ಷದ ರೊಟ್ಟಿಗಳನ್ನು ಇಳಿಸುತ್ತದೆ. ಒಳಕಲ್ಲು ತೊಳೆಯಲು ಹೋದ ಸೌಮ್ಯಾಳಿಗೆ ಕಂಡದ್ದು ಗುಂಡಿಲ್ಲದ ಕುಣಿ. ಅವಳ ಸಂಶಯ ನೇರವಾಗಿ ಎದುರುಮನೆಯ ಮುದಕವ್ವನ ಮೇಲೆ ಹೋಯಿತು, ಏಕೆಂದರೆ ಮುದಕವ್ವ ಹೋದ ವರ್ಷ "ನಿಮ್ಮ ಗುಂಡ ಭಾಳ ನುಣ್ಣಗ ಐತ್ರಿ" ಎಂದು ಹೊಗಳಿದ್ದರು.

"ಹೊಗಳಿದ್ದಕ್ಕ ಕಳ್ಳಿ ಅಂತೀಯೇನ? ಹಂಗಾರ ನಿನ್ನ ಗಂಡನ್ನೂ ಒಮ್ಮೆ ಹೊಗಳೇನಿ, ಎಣಿಸಿ ನೋಡಕೋ ಮನ್ಯಾಗ ಅದಾನೋ ಇಲ್ಲೋ!" ಎಂದು ಮುದಕವ್ವ ಕಟ್ಟೆಯ ಮೇಲಿಂದ ಕೂಗುತ್ತಿದ್ದರು.

"ಗಂಡ ಹೋದ್ರ ಹೋಗ್ಲಿ ಬಿಡ್ರಿ! ನಮ್ಮವ್ವನ ಗುಂಡ ತಂದ ಕೊಡ್ರಿ!"

ಅಷ್ಟರಲ್ಲಿ ಗಂಡ ಬಂದ. ಸೌಮ್ಯಾ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. "ರೀ, ನಮ್ಮ ಗುಂಡ ಕಂಡ್ರೇನು?"

ಬಸವಪ್ರಭು ಸುಳ್ಳು ಹೇಳುವವನಲ್ಲ. ಆದ್ದರಿಂದ ಮಾತನ್ನೇ ಆಡದೆ ಒಳಗೆ ಹೋಗಿ, ಹಿಂಬಾಗಿಲಿನಿಂದ ನಮ್ಮ ಮನೆಗೆ ಬಂದು, ನನ್ನ ಮುಂದೆ ಕೂತು ಎಲ್ಲವನ್ನೂ ಹೇಳಿದ.

"ಕಾಕಾ, ಅತ್ತಿ ಬರೂದ್ರೊಳಗ ಗುಂಡ ಒಳಕಲ್ಲಿನ್ಯಾಗ ಇರಬೇಕು. ಇಲ್ಲಂದ್ರ ನನ್ನನ್ನ ಹಾಕಿ ರುಬ್ಬತಾರ."

"ಮತ್ತ ಹೋಗಿ ಎತಗೊಂಡ ಬಾ."

"ಎತಗೊಂಡ್ರ ಹುಡುಗ್ರು ರುಬ್ಬತಾರ!"

ಎರಡೂ ಕಡೆ ರುಬ್ಬುವುದು ನಿಶ್ಚಿತವಾದ ಮೇಲೆ ಧೈರ್ಯ ಬರುತ್ತದಂತೆ. ಅವನು ಅಂದೇ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಯಾರೂ ಇರಲಾರರೆಂದು ಚೀಲ ಹಿಡಿದು ಹೋದ. ಸುತ್ತ ನೋಡಿದ, ಬಗ್ಗಿದ, ಗುಂಡುಕಲ್ಲನ್ನು ಎರಡೂ ತೋಳಿನಿಂದ ತಬ್ಬಿದ. ಎತ್ತುವಷ್ಟರಲ್ಲಿ ಸೊಂಟ ಕೈಕೊಟ್ಟಿತು. ಅದೇ ಭಂಗಿಯಲ್ಲಿ, ಕಲ್ಲಿಗೆ ಕೆನ್ನೆ ಹಚ್ಚಿ, ಕಣ್ಣಲ್ಲಿ ನೀರು ತುಂಬಿ, "ಯಪ್ಪಾ, ಯಪ್ಪಾ" ಎನ್ನುತ್ತ ಉಳಿದ. ಜಾಲಿಗಿಡದ ನೆರಳಿನಲ್ಲಿ ಪ್ರಚಲಿತ ವಿದ್ಯಮಾನ ಓದುತ್ತ ಕೂತಿದ್ದ ಹುಡುಗಿಯರು ಪುಸ್ತಕ ಕೆಳಗಿಟ್ಟು ಓಡಿ ಬಂದರು.

"ಅಜ್ಜಾರಿಗೆ ಭಾವ ಬಂದೈತ್ರೋ!"

ಸಂಜೆಯೊಳಗೆ ಒಂದು ಕಮಿಟಿಯಾಯಿತು. ಅಜ್ಜಾರು ಅಧ್ಯಕ್ಷರು, ಪ್ರತಾಪ ಕಾರ್ಯದರ್ಶಿ. ಕಲ್ಲಿಗೆ ಪಾಳಿಯ ಕಾವಲು. ಆ ಸಂಜೆ ಕಮಿಟಿಯವರ ನಡುವೆ ತೆಗೆದು ಹಾಕಿದ ಫೋಟೋಕ್ಕೆ ಶಶಿಕಾಂತ ಸರ ಹೇಳಿದ್ದನ್ನೂ ದಾಖಲಿಸಬೇಕು: "ಪ್ರಭು ಅವರ, ಸೋಮವಾರ ಮುನ್ನೆಲೆ ಖಾಲಿ ಐತಿ ಅಂದಿದ್ದೆ. ಈಗ ಗದ್ದಲ ಆಗೇತಿ. ಇಷ್ಟು ಮಂದಿ ಯಾಕ್ರಿ? ಅವರೆಲ್ಲಾರ್ನೂ ಕಳಿಸಿ ತಗೀರಿ."

"ಕಳಿಸಾಕ ಬಂದಿದ್ರ ನಾ ಯಾಕ ಹಿಂಗ ಇರತಿದ್ದೆ!" ಎಂದು ಬಸವಪ್ರಭು ಫೋನಿಗೆ ಕೂಗಿದ. ಒತ್ತುವ ಗುಂಡಿ ತಪ್ಪಿ ಅದೂ ಬಳಗಕ್ಕೆ ಹೋಯಿತು.

ಶನಿವಾರ ಒಂದು ಆಶೆ ಹುಟ್ಟಿತು. ದಂಡೆಯ ಮೇಲೆ ಯಾರೋ ದೇವರನ್ನು ಕೂರಿಸಿದ್ದಾರೆಂದು ತಿಳಿದು, ಕೆರೆಯ ಉಸ್ತುವಾರಿಯ ಅಂಬರೀಷ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಕೈಯಲ್ಲಿ ಫೈಲು, ಮುಖದಲ್ಲಿ ಕಾನೂನು.

"ಯಾರಿಟ್ಟಾರ ಇದನ್ನ? ಸರ್ಕಾರಿ ಜಾಗಾದಾಗ ಇಂಥಾದ್ದೆಲ್ಲಾ ನಡಿಯೂದಿಲ್ಲ. ತಗೀಬೇಕಾಗತೈತಿ!"

ಹುಡುಗರೆಲ್ಲ ಗುಜುಗುಜು ಎಂದರು. ಅಧ್ಯಕ್ಷರು ಮಾತ್ರ ಕೈಮುಗಿದು ಮುಂದೆ ಓಡಿದರು. "ತಗೀರಿ ಸಾಹೇಬ್ರ! ಈಗಿಂದೀಗ ತಗೀರಿ! ಕಾನೂನು ಅಂದ್ರ ಕಾನೂನು! ಎಲ್ಲೆ ಒಯ್ಯೂದು ಅಂತ ಚಿಂತಿ ಮಾಡಬ್ಯಾಡ್ರಿ, ನನ್ನ ಸ್ಕೂಟರ್ ಮ್ಯಾಲೆ ಇಡ್ರಿ, ನಾ ನೋಡಕೋತೇನಿ!"

ಸಾಹೇಬರು ತಮ್ಮ ನೌಕರಿಯಲ್ಲಿ ಇಂಥ ಅಧ್ಯಕ್ಷರನ್ನು ಕಂಡವರಲ್ಲ. ಅವರಿಗೆ ಸಂಶಯ ಬಂತು. "ಇದೇನು ದೇವರಪಾ?" ಎಂದು ಪ್ರತಾಪನನ್ನು ಕೇಳಿದರು.

"ಪಾಸಪ್ಪ ಅಂತ್ರಿ ಸರ. ಪರೀಕ್ಷಾ, ಇಂಟರ್‌ವ್ಯೂ, ಎಲ್ಲಾದಕ್ಕೂ ನಡೀತೈತ್ರಿ."

ಸಾಹೇಬರು ಫೈಲನ್ನು ಕಂಕುಳಿಗೆ ಸೇರಿಸಿದರು. ಸ್ವಲ್ಪ ಹೊತ್ತು ನೀರಿನ ಕಡೆ ನೋಡಿದರು. ನಂತರ ಬೂಟು ಬಿಚ್ಚಿದರು. "ನಮ್ಮ ಮಗಳು ಮಯೂರಿದು ಸೋಮವಾರ ಇಂಟರ್‌ವ್ಯೂ ಐತಿ" ಎಂದು ಮೆಲ್ಲಗೆ ಹೇಳಿ ಕಣ್ಣು ಮುಚ್ಚಿ ನಿಂತರು. ಕಣ್ಣು ತೆರೆದ ಮೇಲೆ ಮತ್ತೆ ಕಾನೂನಿನ ದನಿ ಬಂತು. "ಕಲ್ಲಿನ ವಿಷಯ ಪರಿಶೀಲನಾದಾಗ ಇಡ್ರಿ. ಸೋಮವಾರ ಆದಮ್ಯಾಲೆ ನೋಡೋಣಂತ."

ಬಸವಪ್ರಭು ಜೀಪಿನ ಹಿಂದೆ ಒಂದಿಷ್ಟು ದೂರ ಓಡಿದನಂತೆ.

ರವಿವಾರ ಬೆಳಕು ಹರಿಯುವ ಮೊದಲೇ ಶರಣವ್ವ ಬಂದಿಳಿದರು. ಕೋಳಿ ಕೂಗುವ ಮೊದಲೇ ಬಸ್ಸು ಹತ್ತುವ ಹೆಂಗಸು. ತಲೆಯ ಮೇಲಿನ ಸೆರಗು ಜಾರದಂತೆ ಒಂದು ಕೈ, ಮೆಣಸಿನಕಾಯಿ ಚೀಲಕ್ಕೊಂದು ಕೈ. ಗುಂಡಿಲ್ಲ ಎಂದು ಕೇಳಿ ಚೀಲವನ್ನು ಕಟ್ಟೆಯ ಮೇಲೆ ಇಟ್ಟು, ಅದರ ಬಾಯಿಯ ಹಗ್ಗವನ್ನು ಬಿಚ್ಚುತ್ತ ಕಟ್ಟುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆ ಗುಂಡು ಅವರ ಅತ್ತೆ ಅವರಿಗೆ ಕೊಟ್ಟದ್ದು, ಅವರು ಮಗಳಿಗೆ ಕೊಟ್ಟದ್ದು.

"ಮಿಕ್ಸರ್‌ನ್ಯಾಗ ಹಾಕೋಣೇನವಾ?" ಎಂದಳು ಸೌಮ್ಯಾ, ಅವಳ ದನಿ ಮೊದಲ ಸಲ ಹೆಸರಿಗೆ ತಕ್ಕಂತೆ ಇತ್ತು.

"ಮಿಕ್ಸರ್‌ನ್ಯಾಗ ಹಾಕಿದ್ದು ಖಾರ ಆಗತೈತಿ, ರಂಜಕ ಆಗೂದಿಲ್ಲ" ಎಂದರು ಶರಣವ್ವ.

ಅವರ ಮುಖ ನೋಡಲಾರದೆ ಎದುರುಮನೆಯ ಮುದಕವ್ವನೇ ಜಗಳ ಮರೆತು ಇಳಿದು ಬಂದರು. "ಶರಣಕ್ಕಾ, ಕೆರಿ ದಂಡಿಮ್ಯಾಲೆ ಪಾಸಪ್ಪ ಅಂತ ಉದ್ಭವ ಆಗ್ಯಾನಂತ. ಬೇಡಿದ್ದ ಕೊಡ್ತಾನಂತ. ನಡೀರಿ, ಹೋಗಿ ಗುಂಡ ಸಿಗಲಿ ಅಂತ ಬೇಡಿಕೊಳ್ಳೋಣು. ನನ್ನ ಮ್ಯಾಲಿಂದು ಅಪವಾದ ಆದ್ರೂ ಹೋಗ್ಲಿ."

ನಾನು ತಡೆಯಲು ಬಾಯಿ ತೆರೆದೆ, ಏನೆಂದು ತಡೆಯುವುದು? ಆಟೋ ಬಂತು. ನಾನೂ ಹತ್ತಿದೆ. ಅಂಥ ಪ್ರಸಂಗಕ್ಕೆ ಹೋಗದೆ ಇರಲು ನಾನೇನು ಸನ್ಯಾಸಿಯೆ?

ದಂಡೆಯ ಮೇಲೆ ಜಾತ್ರೆಯ ಕಳೆ ಬಂದಿತ್ತು. ನೀರಿನ ಮೇಲೆ ಮಂಜು, ಆಕಾಶದಲ್ಲಿ ಇನ್ನೇನು ಬೆಳಕು ಒಡೆಯುವ ಕೆಂಪು. ಪಾಸಪ್ಪನ ಬಲಕ್ಕೆ ಕುರ್ಚಿಯ ಮೇಲೆ, ಕೊರಳಲ್ಲಿ ಮಾಲೆ, ಕೊರಳಲ್ಲೇ ಕ್ಯಾಮೆರಾ, ಹಣೆಯ ತುಂಬ ವಿಭೂತಿ ಧರಿಸಿ ನಮ್ಮ ಅಧ್ಯಕ್ಷರು ಕೂತಿದ್ದರು. ಹೆಂಡತಿಯನ್ನೂ ಅತ್ತೆಯನ್ನೂ ಕಂಡು ಅವರು ಮಾಲೆಯನ್ನು ಮೂಗಿನವರೆಗೆ ಎಳೆದುಕೊಂಡರು.

ಸೌಮ್ಯಾ ಗಂಡನನ್ನು ನೋಡಿದಳು. ಮಾಲೆಯನ್ನು ನೋಡಿದಳು. "ಇದೇನ್ರೀ ಇದು?" ಎನ್ನುವಷ್ಟರಲ್ಲಿ ಪ್ರತಾಪ "ಅಜ್ಜಾರ ಮುಂದ ಸಾವಕಾಶ ಮಾತಾಡ್ರಿ ಅಕ್ಕಾರ" ಎಂದ.

ಶರಣವ್ವ ಯಾರನ್ನೂ ನೋಡಲಿಲ್ಲ. ನೇರ ದೇವರ ಮುಂದೆ ಕೂತು, ಸೆರಗೊಡ್ಡಿ, ಕಣ್ಣು ಮುಚ್ಚಿ ಗಟ್ಟಿಯಾಗಿ ಬೇಡಿದರು: "ಯಪ್ಪಾ, ನಮ್ಮತ್ತಿ ಕೊಟ್ಟ ಗುಂಡ ನಮಗ ಸಿಗುವಂಗ ಮಾಡೋ ಎಪ್ಪಾ."

ಕಣ್ಣು ತೆರೆದರು. ದೇವರನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಹೆಬ್ಬೆರಳಿನಿಂದ ದೇವರ ಭುಜದ ಮೇಲಿನ ಭಂಡಾರ ಒರೆಸಿದರು. ಅಲ್ಲೊಂದು ಸಣ್ಣ ಚಕ್ಕೆ ಎದ್ದ ಗುರುತು.

"ಸೌಮ್ಯಾ, ಇಲ್ಲೆ ಬಾ. ನೀ ಸಣ್ಣಾಕಿ ಇದ್ದಾಗ ಕಟ್ಟಿಮ್ಯಾಲಿಂದ ಕೆಡವಿ ಚಕ್ಕಿ ಎಬ್ಬಿಸಿದ್ದಿ ನೋಡು, ಅದ."

"ಅವ್ವಾ!" ಎಂದು ಸೌಮ್ಯಾ ಕುಳಿತೇಬಿಟ್ಟಳು. "ನಮ್ಮ ಗುಂಡ!"

ಶರಣವ್ವ ಹೂವು ಸರಿಸಿ ಕೈಹಚ್ಚಿದರು. ಪ್ರತಾಪ ಅಡ್ಡ ಬಂದ. "ಅಜ್ಜಿ, ದೇವರನ್ನ ಎತ್ತಬ್ಯಾಡ್ರಿ! ಒಯ್ಯಾಕ ಬಿಡೂದಿಲ್ಲ ನಾವು!" ಹಿಂದಿನಿಂದ ಹುಡುಗರೆಲ್ಲ ಒತ್ತಿ ಬಂದರು. ಬಸವಪ್ರಭು ಕುರ್ಚಿಯಲ್ಲೇ ಕಣ್ಣು ಮುಚ್ಚಿದ.

ಶರಣವ್ವ ಕೂತಲ್ಲಿಂದಲೇ ತಲೆ ಎತ್ತಿದರು. "ತಮ್ಮಾ, ಇವ ಬೇಡಿದ್ದ ಕೊಡತಾನೋ ಇಲ್ಲೋ?"

"ಕೊಡತಾನ್ರಿ!"

"ನಾ ಏನ ಬೇಡಿದೆ, ಕೇಳಿಸ್ತಿಲ್ಲೋ?"

"ಕೇಳಿಸ್ತ್ರಿ... ಗುಂಡ ಸಿಗಲಿ ಅಂತ..."

"ಸಿಕ್ತು. ದೇವ್ರು ಕೊಟ್ಟಿದ್ದನ್ನ ಒಯ್ಯಬ್ಯಾಡ ಅನ್ನಾಕ ನೀ ಯಾರು?"

ಪ್ರತಾಪ ಎಷ್ಟೋ ಪ್ರಶ್ನೆಪತ್ರಿಕೆ ಬಿಡಿಸಿದ ಹುಡುಗ, ಈ ಪ್ರಶ್ನೆಗೆ ನಾಲ್ಕು ಆಯ್ಕೆಗಳನ್ನೂ ಯಾರೂ ಕೊಟ್ಟಿರಲಿಲ್ಲ.

"ಮತ್ತ... ನಮ್ಮ ಪರೀಕ್ಷಾ ಅಜ್ಜಿ?" ಎಂದು ಹಿಂದಿನಿಂದ ಒಂದು ಹುಡುಗಿಯ ದನಿ ಬಂತು. ಅಳುವೇ ಬಂದಿತ್ತು ಅದಕ್ಕೆ.

ಶರಣವ್ವನ ಮುಖ ಮೆತ್ತಗಾಯಿತು. "ಓದು ನನ್ನವ್ವಾ. ಇವ ಇಲ್ಲೆ ಸುಮ್ಮನ ಕುಂತು ನಿಮ್ಮನ್ನೂ ಸುಮ್ಮನ ಕುಂಡ್ರಸ್ಯಾನ. ದೇವ್ರಿಗೂ ಕಾಯಕ ತಪ್ಪಿದ್ದಲ್ಲ, ಈಗ ಖಾರ ರುಬ್ಬಾಕ ಹೊಂಟಾನ. ನೀವೂ ಹೋಗಿ ನಿಮ್ಮ ಕಾಯಕ ಮಾಡ್ರಿ. ಸಂಜಿಮುಂದ ಎಲ್ಲಾರೂ ಮನಿಗೆ ಬರ್ರಿ, ರೊಟ್ಟಿ ರಂಜಕ ಉಣ್ಣಾಕ. ಖೋಲ್ಯಾಗಿನ ಊಟ ತಿಂದು ಎಷ್ಟು ಸೊರಗೀರಿ!"

ಮನೆಯ ಊಟವೆಂದ ಕೂಡಲೇ ಹುಡುಗರ ಸಾಲು ಸಡಿಲಾಯಿತು. ಪ್ರತಾಪನೇ ಬಗ್ಗಿ ದಾರಿ ಬಿಟ್ಟ. ಆದರೂ ಕಾರ್ಯದರ್ಶಿಯ ಕರ್ತವ್ಯ ಮರೆಯಲಿಲ್ಲ. "ಆದ್ರ ಅಕ್ಕಾರ, ನಿಮ್ಮ ಮನಿ ಗುಂಡ ಇಲ್ಲಿತನಕ ಹೆಂಗ ಬಂತ್ರಿ?" ಎಂದು ಕೇಳಿದ.

ಸೌಮ್ಯಾ ಗಂಡನ ಕೊರಳಿನ ಕ್ಯಾಮೆರಾ ನೋಡಿದಳು. ಮೂರುಗಾಲಿನ ಸ್ಟ್ಯಾಂಡು ನೋಡಿದಳು. ಅದರ ಕಾಲಿಗೆ ಸುತ್ತಿಟ್ಟ ತನ್ನ ಹಿತ್ತಲಿನ ಗೋಣಿಚೀಲ ನೋಡಿದಳು. ಎಲ್ಲವೂ ತಿಳಿಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ನಮ್ಮ ಅಧ್ಯಕ್ಷರು ಅಂದು ಕೆರೆಯ ಪಾಲಾಗುತ್ತಿದ್ದರು.

"ಸರಕೋತ ಬಂದಿರಬೇಕಪಾ" ಎಂದಳು. "ಸರಿತಾನ ಅಂತ ನೀವ ಹೇಳ್ತೀರಲ್ಲ." ಆಮೇಲೆ ಗಂಡನ ಕಡೆ ತಿರುಗಿ, ಹಲ್ಲು ಕಚ್ಚಿ, ಮೆಲ್ಲಗೆ, "ಅಜ್ಜಾರು ಲಗೂನ ಮನಿಗೆ ಬರ್ರಿ" ಎಂದಳು.

ನಂತರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಂಡುಕಲ್ಲನ್ನು ಒಂದೇ ಎತ್ತಿಗೆ ಎತ್ತಿ, ತುಂಬಿದ ಕೊಡದ ಹಾಗೆ ನಡುವಿಗೆ ಇಟ್ಟುಕೊಂಡು ದಂಡೆಯನ್ನು ಏರತೊಡಗಿದಳು. ಕಲ್ಲಿಗೆ ಹುಡುಗರು ಹಾಕಿದ್ದ ಮಾಲೆ ಇನ್ನೂ ಹಾಗೇ ಇತ್ತು. ಆಗಲೇ ಸೂರ್ಯ ಮಂಜನ್ನು ಒಡೆದು ಬಂದ. ಅವಳು ಒಮ್ಮೆ ತಿರುಗಿ, ಬರುತ್ತಾನೋ ಇಲ್ಲವೋ ಎಂದು ಗಂಡನ ಕಡೆ ಕಣ್ಣು ಬಿಟ್ಟಳು. ನಾನು ನೋಡಿದೆ, ಬಸವಪ್ರಭುವಿನ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಮೂರರ ನಿಯಮವಿಲ್ಲ, ಮಲಗುವುದಿಲ್ಲ, ನೀರು ಹೊಡೆಯುವುದಿಲ್ಲ. ಹೆದರಿಕೆಯಲ್ಲಿ ಒಮ್ಮೆ ಒತ್ತಿದ, ಅಷ್ಟೆ.

ಆ ದಿನ ಮೆಣಸಿನಕಾಯಿಯ ಇಡೀ ಚೀಲವನ್ನು ರುಬ್ಬಿದವರು ತಾಯಿಯೂ ಅಲ್ಲ, ಮಗಳೂ ಅಲ್ಲ. ಅಜ್ಜಾರು ಒಳಕಲ್ಲಿನ ಮುಂದೆ ಕೂತು ಪಾಸಪ್ಪನನ್ನು ತಿರುಗಿಸಿದರು. ಕೈ ಉರಿ, ಕಣ್ಣಲ್ಲಿ ನೀರು, ಸೊಂಟದ ಕಥೆ ಕೇಳಲೇಬೇಡಿ. ಮುದಕವ್ವ ಕಟ್ಟೆಯ ಮೇಲೆ ಕೂತು, "ಇನ್ನಾ ನುಣ್ಣಗ ಆಗಬೇಕು ನೋಡ್ರಿ" ಎಂದು ತಪ್ಪು ತೆಗೆಯುತ್ತಿದ್ದರು. ಸಂಜೆ ಹುಡುಗರು ಬಂದರು. ರೊಟ್ಟಿ ಉಂಡ ಮೇಲೆ ಒಬ್ಬೊಬ್ಬರೂ ಸಣ್ಣ ಡಬ್ಬಿ ತೆಗೆದು, "ಅಜ್ಜಿ, ಪರೀಕ್ಷಾದ ದಿನಕ್ಕ ಸ್ವಲ್ಪ ಹಾಕಿ ಕೊಡ್ರಿ" ಎಂದರು. ಅಂಬರೀಷ ಸಾಹೇಬರ ಜೀಪೂ ಬಂದಿತ್ತು, ಮಯೂರಿಗೆಂದು.

ಫೋಟೋವನ್ನು ಬಳಗಕ್ಕೆ ಹಾಕಿದವನು ನಾನು. ಬಸವಪ್ರಭುವಿನ ಬೆರಳು ಫೋನ್ ಮುಟ್ಟುವ ಸ್ಥಿತಿಯಲ್ಲಿರಲಿಲ್ಲ. ಶಶಿಕಾಂತ ಸರ ಕಳಿಸಿದರು: "ಪ್ರಭು ಅವರ, ತಪ್ಪು ಹುಡುಕಾಕತ್ತೇನಿ." ರೊಟ್ಟಿಯ ಎರಡನೆಯ ಪಂಕ್ತಿ ಎದ್ದ ಮೇಲೆ ಇನ್ನೊಂದು: "ಇನ್ನಾ ಹುಡುಕಾಕತ್ತೇನಿ." ಕೊನೆಗೆ, ಯಾರೋ ಕುತ್ತಿಗೆ ಹಿಸುಕಿದಂಥ ದನಿಯಲ್ಲಿ: "ತೂಗುಹಾಕ್ರಿ!"

ನಾನು ಕುಣಿದೆ. ಹುಡುಗರು ಶಿಳ್ಳೆ ಹಾಕಿದರು. ಬಸವಪ್ರಭು ಉರಿಯುವ ಎರಡೂ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡೇ ಎದ್ದು ಬಂದು, "ಕಾಕಾ, ಆಕಿಗೆ ತೋರಸ್ರಿ, ಆಕಿಗೆ ತೋರಸ್ರಿ" ಎಂದ.

ತೋರಿಸಿದೆ. ಸೌಮ್ಯಾ ರೊಟ್ಟಿ ಬಡಿಯುವ ಕೈ ಒರೆಸಿಕೊಂಡು ಫೋನ್ ಹಿಡಿದಳು. ಕೆಲಗೇರಿಯ ಇಡೀ ಕೆರೆ, ಮಂಜು, ಬಂಗಾರದ ಬೆಳಕು, ದಂಡೆಯ ಮೇಲೆ ಸೊಂಟದಲ್ಲಿ ಕಲ್ಲು ಹೊತ್ತು ತಿರುಗಿ ನೋಡುತ್ತಿರುವ ತಾನು. ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಕೆನ್ನೆ ತುಸು ಕೆಂಪಾಯಿತು, ಒಲೆಯ ಮುಂದೆ ಕೂತಿದ್ದರಿಂದಲೂ ಇರಬಹುದು.

"ಛಲೋ ಬಂದೇನಿ" ಎಂದಳು. "ಹಿಂದಿನ ಆ ಕೆರಿ ಒಂದು ತಗದ ಹಾಕ್ರಿ."